ಹಳೇ ಸರ್ವರನ್ನು ಇನ್ನೂ ಯಾರು ಕೇಳುತ್ತಿದ್ದಾರೆ?

ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿ, ಬೊಮ್ಮಸಂದ್ರ ದಾಟಿದರೆ ಚಂದಾಪುರ. ಸರ್ಕಲ್‌ನಲ್ಲಿ ಎಡಕ್ಕೆ ತಿರುಗಿದರೆ ದೊಮ್ಮಸಂದ್ರ, ಬಲಕ್ಕೆ ಆನೇಕಲ್. ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಕಂಪನಿಗಳಲ್ಲಿ ಸರ್ವರ್ ಬದಲಾಯಿಸುವುದೆಂದರೆ ಅದಕ್ಕೊಂದು ತಂಡ ಇರುತ್ತದೆ, ತಿಂಗಳುಗಟ್ಟಲೆ ತಯಾರಿ ನಡೆಯುತ್ತದೆ. ಚಂದಾಪುರದ ಆಸುಪಾಸಿನ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ ಕೈಗಾರಿಕಾ ಪ್ರದೇಶಗಳ ಸಣ್ಣ ಕಾರ್ಖಾನೆಗಳಲ್ಲಿ ಹಾಗಲ್ಲ. ಇಪ್ಪತ್ತು ಮೂವತ್ತು ಕಂಪ್ಯೂಟರ್, ಕೆಳಗೆ ಸಿಎನ್‌ಸಿ ಯಂತ್ರಗಳ ಶೆಡ್, ಮೇಲೆ ಅಕೌಂಟ್ಸ್, ಪರ್ಚೇಸ್, ಡಿಸ್ಪ್ಯಾಚ್. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಯುಪಿಎಸ್ ಪಕ್ಕ ಒಂದೇ ಒಂದು ಸರ್ವರ್. ಲಾಗಿನ್ ನೋಡಿಕೊಳ್ಳುವುದು ಅದೇ, ಫೈಲುಗಳಿರುವುದು ಅದರಲ್ಲೇ, ಟ್ಯಾಲಿ ಡೇಟಾ ಕೂಡ ಅದರಲ್ಲೇ. ಅದರ ಯೋಗಕ್ಷೇಮಕ್ಕೆ ವಾರಕ್ಕೊಮ್ಮೆ ಬೈಕಿನಲ್ಲಿ ಬಂದುಹೋಗುವ ನೆಟ್‌ವರ್ಕಿಂಗ್ ಹುಡುಗ ಒಬ್ಬ. ಈ ಅಧ್ಯಾಯ ಅವನ ಕೆಲಸದ ಬಗ್ಗೆ.

ಇಂಥ ಸರ್ವರುಗಳಿಗೆಲ್ಲ ವಯಸ್ಸಾಗುವುದು ಹೆಚ್ಚುಕಮ್ಮಿ ಒಟ್ಟಿಗೇ. ವಿಂಡೋಸ್ ಸರ್ವರ್ 2008 ಆರ್2ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ನಿಂತದ್ದು 2020ರ ಜನವರಿ 14ರಂದು. 2012 ಆರ್2ಕ್ಕೆ 2023ರ ಅಕ್ಟೋಬರ್ 10ರಂದು. 2016ರ ಆವೃತ್ತಿಗೆ ಗಡುವು 2027ರ ಜನವರಿ 12. ಆ ತಾರೀಖಿನ ನಂತರ ಮಾಮೂಲಿ ಭದ್ರತಾ ತಿದ್ದುಪಡಿಗಳು ಬರುವುದಿಲ್ಲವಾದ್ದರಿಂದ, ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ಸರ್ವರನ್ನು ಬದಲಿಸಲೇಬೇಕು. ಕಾರ್ಖಾನೆಗೆ ರಜೆ ಇರುವ ಭಾನುವಾರ ಆ ಕೆಲಸ ಮುಗಿಯುತ್ತದೆ. ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಫೋನು ಶುರು.

“ಸಾರ್, ನೆಟ್ ಬರ್ತಿದೆ, ಜಿಎಸ್‌ಟಿ ಪೋರ್ಟಲ್ ಓಪನ್ ಆಗ್ತಿದೆ. ಟ್ಯಾಲಿ ಮಾತ್ರ ಓಪನ್ ಆಗ್ತಿಲ್ಲ.”

“ಮೇಡಂ, ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ.”

“ಮಾಡಿದೆ ಸಾರ್. ಪಕ್ಕದ ಸಿಸ್ಟಮ್ಮಲ್ಲಿ ಬಂತು, ನನ್ನದ್ರಲ್ಲಿ ಇಲ್ಲ. ಗೇಟ್ ಹತ್ರ ಲಾರಿ ನಿಂತಿದೆ, ಬಿಲ್ ಹಾಕ್ಬೇಕು.”

ಇಂಥ ದೂರನ್ನು ಕೇಳದ ನೆಟ್‌ವರ್ಕ್ ತಂತ್ರಜ್ಞ ಈ ಭಾಗದಲ್ಲಿ ಸಿಗಲಿಕ್ಕಿಲ್ಲ. ಇದರಲ್ಲಿ ಇಡೀ ರೋಗದ ಲಕ್ಷಣ ಅಡಗಿದೆ. ಹೊರಗಿನ ಜಗತ್ತು ತೆರೆಯುತ್ತದೆ, ಕೆಳಗಿನ ಕೋಣೆಯ ಸರ್ವರ್ ಸಿಗುವುದಿಲ್ಲ. ಒಂದು ಕಂಪ್ಯೂಟರಿಗೆ ಸಿಕ್ಕಿದ್ದು ಪಕ್ಕದ್ದಕ್ಕೆ ಸಿಗುವುದಿಲ್ಲ. ಕೇಬಲ್ ಸರಿಯಿದೆ, ಸ್ವಿಚ್ ಸರಿಯಿದೆ, ಹೊಸ ಸರ್ವರ್ ಆರೋಗ್ಯವಾಗಿದೆ. ಕೆಟ್ಟಿರುವುದು ಹೆಸರನ್ನು ವಿಳಾಸವನ್ನಾಗಿ ಬದಲಿಸಿಕೊಳ್ಳುವ ವ್ಯವಸ್ಥೆ.

ಜಾಲದಲ್ಲಿ ಮಾಹಿತಿ ಹರಿಯುವುದು ಅಂಕಿಗಳ ವಿಳಾಸಕ್ಕೆ. ನಮ್ಮ ಉದಾಹರಣೆಯ ಕಚೇರಿಯಲ್ಲಿ ಹಳೇ ಸರ್ವರಿನ ವಿಳಾಸ 192.168.1.10, ಹೊಸದರದ್ದು 192.168.1.20 ಎಂದಿಟ್ಟುಕೊಳ್ಳೋಣ. ಟ್ಯಾಲಿಯ ಶಾರ್ಟ್‌ಕಟ್‌ನಲ್ಲಿ ಇರುವುದು ಮಾತ್ರ ‘ಟ್ಯಾಲಿ.ಆಫೀಸ್.ಲೋಕಲ್’ ಎಂಬ ಹೆಸರು. ಆ ಹೆಸರಿನ ಈಗಿನ ವಿಳಾಸವೇನೆಂದು ಕಂಪ್ಯೂಟರ್ ಯಾರನ್ನಾದರೂ ಕೇಳಿ ತಿಳಿಯಬೇಕು. ಹಾಗೆ ಹೇಳುವ ವ್ಯವಸ್ಥೆಗೆ ಡಿಎನ್‌ಎಸ್, ಅಂದರೆ ಡೊಮೇನ್ ನೇಮ್ ಸಿಸ್ಟಂ ಎಂದು ಹೆಸರು.

ಮೊದಲು ಇದು ಒಂದೇ ಒಂದು ಪಟ್ಟಿಯಾಗಿತ್ತು. ಇಂಟರ್ನೆಟ್ಟಿನ ಪೂರ್ವಜವಾದ ಅರ್ಪಾನೆಟ್‌ನಲ್ಲಿದ್ದ ಎಲ್ಲ ಕಂಪ್ಯೂಟರುಗಳ ಹೆಸರು, ವಿಳಾಸಗಳನ್ನು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಲಿಜಬೆತ್ ಫೈನ್ಲರ್ ಮತ್ತು ಅವರ ತಂಡ ಒಂದು ಕಡತದಲ್ಲಿ ಬರೆದಿಡುತ್ತಿತ್ತು. ಹೊಸ ಕಂಪ್ಯೂಟರ್ ಸೇರಿಸಬೇಕಾದರೆ ಅವರಿಗೆ ತಿಳಿಸಬೇಕು. ಉಳಿದವರೆಲ್ಲ ಆಗಾಗ ಆ ಕಡತದ ಹೊಸ ಪ್ರತಿ ತರಿಸಿಕೊಳ್ಳಬೇಕು. ಜಾಲ ಬೆಳೆದಂತೆ ಆ ಪದ್ಧತಿ ಏದುಸಿರು ಬಿಡತೊಡಗಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬ ವಿಜ್ಞಾನಿ ಪಟ್ಟಿಯನ್ನು ಒಡೆದು ಹಂಚುವ ದಾರಿ ತೋರಿಸಿದರು: ಪ್ರತಿ ಸಂಸ್ಥೆಯೂ ತನ್ನ ಹೆಸರುಗಳ ಲೆಕ್ಕ ತಾನೇ ಇಟ್ಟುಕೊಳ್ಳಲಿ, ಬೇಕಾದವರು ಬೇಕಾದಾಗ ಕೇಳಲಿ, ಕೇಳಿ ತಿಳಿದದ್ದನ್ನು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳಲಿ. 1987ರಲ್ಲಿ ಪರಿಷ್ಕರಿಸಿದ ಆ ನಿಯಮಗಳೇ ಇವತ್ತಿಗೂ ಬುನಾದಿ. ಹಳೆಯ ಪಟ್ಟಿಯ ಕುಡಿಯೂ ಅಳಿದಿಲ್ಲ. ಪ್ರತಿ ವಿಂಡೋಸ್ ಕಂಪ್ಯೂಟರಿನ ಸಿಸ್ಟಂ32 ಫೋಲ್ಡರಿನೊಳಗೆ, ಡ್ರೈವರ್ಸ್, ಅದರೊಳಗೆ ಇಟಿಸಿ ಎಂದು ಹುಡುಕುತ್ತ ಹೋದರೆ ‘ಹೋಸ್ಟ್ಸ್’ ಎಂಬ ಪುಟ್ಟ ಕಡತ ಸಿಗುತ್ತದೆ. ಅದರಲ್ಲಿ ಕೈಯಾರೆ ಬರೆದ ಸಾಲಿಗೆ ಡಿಎನ್‌ಎಸ್‌ಗಿಂತ ಹೆಚ್ಚಿನ ಮರ್ಯಾದೆ.

‘ಸ್ವಲ್ಪ ಕಾಲ ನೆನಪಿಟ್ಟುಕೊಳ್ಳಲಿ’ ಎಂಬ ಆ ಅಂಶ ಇಲ್ಲದಿದ್ದರೆ ಇಂಟರ್ನೆಟ್ ಇಷ್ಟು ದೊಡ್ಡದಾಗಿ ಬೆಳೆಯುತ್ತಲೇ ಇರಲಿಲ್ಲ. ಪ್ರತಿ ಕ್ಲಿಕ್ಕಿಗೂ ಮೂಲಕ್ಕೇ ಹೋಗಿ ಕೇಳಬೇಕಾಗುತ್ತಿತ್ತು. ಸರ್ವರ್ ಬದಲಿಸಿದ ಮರುದಿನದ ಗೋಳಿಗೂ ಅದೇ ಕಾರಣ. ನಮ್ಮೂರುಗಳಲ್ಲಿ ‘ಹಳೇ ಟೆಂಟ್ ಹತ್ರ ಇಳ್ಕೊಳ್ಳಿ’ ಎನ್ನುತ್ತಾರೆ. ಟೆಂಟ್ ಸಿನಿಮಾ ಹೋಗಿ ಅಲ್ಲಿ ಕಲ್ಯಾಣಮಂಟಪ ಎದ್ದು ಎಷ್ಟೋ ವರ್ಷ ಆಗಿರುತ್ತದೆ. ಜಾಲದಲ್ಲಿಯೂ ಹಾಗೇ, ಹಳೇ ವಿಳಾಸದ ನೆನಪು ಹತ್ತಾರು ಕಡೆ ಉಳಿದಿರುತ್ತದೆ. ಒಂದೇ ವ್ಯತ್ಯಾಸವೆಂದರೆ ಡಿಎನ್‌ಎಸ್‌ನಲ್ಲಿ ಪ್ರತಿ ಉತ್ತರದ ಜೊತೆಗೆ ಆಯಸ್ಸೂ ಬರುತ್ತದೆ. ಇಷ್ಟು ಸೆಕೆಂಡು ನಂಬಬಹುದು, ಆಮೇಲೆ ಮತ್ತೆ ಕೇಳು ಎಂಬ ಸೂಚನೆ ಅದು. ವಿಂಡೋಸ್ ಕಂಪ್ಯೂಟರುಗಳು ತಾವಾಗಿ ನೋಂದಾಯಿಸಿಕೊಳ್ಳುವ ಹೆಸರಿಗೆ ಸಾಮಾನ್ಯವಾಗಿ 1200 ಸೆಕೆಂಡು, ಅಂದರೆ 20 ನಿಮಿಷ. ಕೈಯಾರೆ ಬರೆದದ್ದಕ್ಕೆ ಬೇರೆ ಹೇಳದಿದ್ದರೆ ಒಂದು ಗಂಟೆ.

ಹಾಗಾದರೆ ಒಂದು ಗಂಟೆ ಕಾದರೆ ಎಲ್ಲ ಸರಿಹೋಗಬೇಕಲ್ಲ? ಹೋಗುವುದಿಲ್ಲ. ಹೆಸರಿನ ನೆನಪಿಗೆ ಆಯಸ್ಸು ಒಂದು ಗಂಟೆಯಾದರೆ, ‘ಯಾರನ್ನು ಕೇಳಬೇಕು’ ಎಂಬ ನೆನಪಿನ ಆಯಸ್ಸು ದಿನಗಳಲ್ಲಿರುತ್ತದೆ. ಕಂಪ್ಯೂಟರಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ವ್ಯವಸ್ಥೆಯೇ ‘ನಿನ್ನ ಡಿಎನ್‌ಎಸ್ ಸರ್ವರ್ ಇದು’ ಎಂದೂ ಹೇಳಿಕೊಡುತ್ತದೆ. ವಿಳಾಸ ಕೊಡುವುದು ಗುತ್ತಿಗೆಯ (ಲೀಸ್) ಮೇಲೆ, ವಿಂಡೋಸ್ ಸರ್ವರಿನಲ್ಲಿ ಅದರ ಮಾಮೂಲಿ ಅವಧಿ 8 ದಿನ. ಅರ್ಧ ಅವಧಿ ಕಳೆದಾಗ ಕಂಪ್ಯೂಟರ್ ನವೀಕರಣ ಕೇಳುತ್ತದೆ. ಅಂದರೆ ಆರಿಸದೆ ಓಡುತ್ತಲೇ ಇರುವ ಕಂಪ್ಯೂಟರ್ ನಾಲ್ಕು ದಿನದವರೆಗೂ ಸತ್ತ ಸರ್ವರನ್ನೇ ಕೇಳುತ್ತಿರಬಹುದು. ರೀಸ್ಟಾರ್ಟ್ ಮಾಡಿದಾಗ ಗುತ್ತಿಗೆಯನ್ನು ಮತ್ತೆ ವಿಚಾರಿಸಲಾಗುತ್ತದೆ, ಹೆಸರುಗಳ ನೆನಪೂ ಖಾಲಿಯಾಗುತ್ತದೆ. ಜನ ನಗುವ ಆ ‘ರೀಸ್ಟಾರ್ಟ್ ಮಾಡಿ ನೋಡಿ’ ಎಂಬ ಸಲಹೆಯಲ್ಲಿ ಇಷ್ಟು ವಿಜ್ಞಾನ ಇದೆ. ಪಕ್ಕದ ಸಿಸ್ಟಂ ಸರಿಹೋದದ್ದು ಅದಕ್ಕೇ.

ಆದರೆ ಮೇಡಂ ಕಂಪ್ಯೂಟರ್ ರೀಸ್ಟಾರ್ಟಿಗೂ ಬಗ್ಗಲಿಲ್ಲ. ಅಲ್ಲಿ ‘ಐಪಿಕಾನ್ಫಿಗ್ ಆಲ್’ ಎಂಬ ಆದೇಶ ಕೊಟ್ಟು ನೋಡಿದರೆ ಎರಡು ಡಿಎನ್‌ಎಸ್ ಸರ್ವರುಗಳ ವಿಳಾಸ ಬರುತ್ತದೆ: ಮೊದಲನೆಯದು 192.168.1.10, ಎರಡನೆಯದು 8.8.8.8. ಹಿಂದೆಂದೋ ಯಾರೋ ಕೈಯಾರೆ ಬರೆದಿಟ್ಟದ್ದು. ಡಿಎಚ್‌ಸಿಪಿ ಏನೇ ಹೇಳಲಿ, ಈ ಕಂಪ್ಯೂಟರಿಗೆ ಅದು ಕೇಳಿಸುವುದಿಲ್ಲ. ಆ 8.8.8.8 ಎಂಬುದು ಗೂಗಲ್ 2009ರ ಡಿಸೆಂಬರಿನಲ್ಲಿ ಶುರುಮಾಡಿದ ಸಾರ್ವಜನಿಕ ಡಿಎನ್‌ಎಸ್ ಸೇವೆ. ‘ನಮ್ಮದು ಕೈಕೊಟ್ಟರೆ ಇರಲಿ’ ಎಂದು ಅದನ್ನು ಎರಡನೇ ಸಾಲಿನಲ್ಲಿ ಬರೆಯುವ ರೂಢಿ ನಮ್ಮ ಕಚೇರಿಗಳಲ್ಲಿ ತುಂಬಾ ಇದೆ. ನನ್ನ ಪ್ರಕಾರ ಸಣ್ಣ ಕಚೇರಿಗಳ ಜಾಲದಲ್ಲಿ ಇದಕ್ಕಿಂತ ಹೆಚ್ಚು ಹಾನಿ ಮಾಡಿದ ಒಳ್ಳೆಯ ಉದ್ದೇಶ ಇನ್ನೊಂದಿಲ್ಲ.

ಯಾಕೆಂದು ನೋಡಲು ‘ಎನ್‌ಎಸ್‌ಲುಕಪ್’ ಎಂಬ ಆದೇಶ ಸಾಕು. ಇದರಲ್ಲಿ ಹೆಸರಿನ ಮುಂದೆ ಯಾರನ್ನು ಕೇಳಬೇಕೆಂದೂ ಹೇಳಬಹುದು. ಟ್ಯಾಲಿಯ ಹೆಸರನ್ನು 192.168.1.10ಕ್ಕೆ ಕೇಳಿದರೆ ಪರದೆ ಎರಡು ಕ್ಷಣ ನಿಂತು ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎನ್ನುತ್ತದೆ. 192.168.1.20ಕ್ಕೆ ಕೇಳಿದರೆ ತಟ್ಟನೆ ಸರಿಯಾದ ವಿಳಾಸ. 8.8.8.8ಕ್ಕೆ ಕೇಳಿದರೆ ಅಷ್ಟೇ ತಟ್ಟನೆ ‘ನಾನ್ ಎಕ್ಸಿಸ್ಟೆಂಟ್ ಡೊಮೇನ್’. ಮೊದಲನೆಯದು ಮೌನ, ಮೂರನೆಯದು ‘ಇಲ್ಲ’ ಎಂಬ ಉತ್ತರ. ನೋಡುವವರ ಕಣ್ಣಿಗೆ ಎರಡೂ ಒಂದೇ ವೈಫಲ್ಯ. ಕಂಪ್ಯೂಟರಿಗೆ ಅವೆರಡೂ ಆಕಾಶ ಭೂಮಿಯಷ್ಟು ಬೇರೆ. ಮೌನ ಎದುರಾದರೆ ಅದು ಪಟ್ಟಿಯಲ್ಲಿರುವ ಮುಂದಿನವರನ್ನು ಕೇಳುತ್ತದೆ. ‘ಇಲ್ಲ’ ಎಂದು ಉತ್ತರ ಬಂದರೆ ಅಲ್ಲಿಗೆ ವಿಚಾರಣೆ ಮುಗಿಯಿತು, ಮತ್ತೆ ಇನ್ನೊಬ್ಬರನ್ನು ಕೇಳುವುದಿಲ್ಲ. ಆ ‘ಇಲ್ಲ’ವನ್ನೂ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ, ಅದಕ್ಕೂ 1998ರಲ್ಲಿ ನಿಯಮ ಬರೆದಿದ್ದಾರೆ. ಎರಡನೇ ಸಾಲಿನ ಸರ್ವರ್ ಇರುವುದು ಮೊದಲನೆಯದು ಸುಮ್ಮನಾದಾಗ ಅದರ ಜಾಗದಲ್ಲಿ ನಿಲ್ಲುವುದಕ್ಕೆ. ಮೊದಲನೆಯದಕ್ಕೆ ಗೊತ್ತಿಲ್ಲದ್ದನ್ನು ಹೇಳಿಕೊಡುವುದು ಅದರ ಕೆಲಸವಲ್ಲ. ಆದ್ದರಿಂದ ಅವೆರಡಕ್ಕೂ ಒಂದೇ ಸಂಗತಿಗಳು ಗೊತ್ತಿರಬೇಕು. ಗೂಗಲ್‌ಗೆ ಜಿಎಸ್‌ಟಿ ಪೋರ್ಟಲ್ ಗೊತ್ತು, ಬೊಮ್ಮಸಂದ್ರದ ಮೆಟ್ಟಿಲ ಕೆಳಗಿನ ಪೆಟ್ಟಿಗೆ ಗೊತ್ತಿಲ್ಲ.

ಸೋಮವಾರದ ಒಗಟು ಇಲ್ಲಿ ಬಿಚ್ಚಿಕೊಳ್ಳುತ್ತದೆ. ಹಳೇ ಸರ್ವರ್ ಮೌನ, ಅದರ ಹಿಂದೆಯೇ 8.8.8.8. ಹೊರಗಿನ ಹೆಸರುಗಳೆಲ್ಲ ಒಂದು ಕ್ಷಣ ತಡವಾಗಿ ಸಿಗುತ್ತವೆ, ಒಳಗಿನ ಹೆಸರುಗಳಿಗೆಲ್ಲ ‘ಇಲ್ಲ’. ಹೊಸ ಸರ್ವರಿಗೆ ಬದಲಿಸಿ 8.8.8.8 ಅನ್ನು ಹಾಗೇ ಬಿಟ್ಟರೆ ರೋಗ ವಾಸಿಯಾದಂತೆ ಕಂಡು ಮತ್ತೆ ಮರುಕಳಿಸುತ್ತದೆ. ಕರೆಂಟ್ ಹೋಗಿ ಜನರೇಟರ್ ಶುರುವಾಗುವ ಹೊತ್ತಿಗೆ ಯುಪಿಎಸ್ ಬ್ಯಾಟರಿ ಕೈಕೊಟ್ಟಿತೆನ್ನಿ. ಕಂಪ್ಯೂಟರುಗಳು ಬೇಗ ಏಳುತ್ತವೆ, ಸರ್ವರಿಗೆ ಏಳಲು ಹಲವು ನಿಮಿಷ ಬೇಕು. ಆ ಮಧ್ಯೆ ಕೇಳಿದ ಪ್ರಶ್ನೆಗಳೆಲ್ಲ 8.8.8.8ಕ್ಕೆ ಹೋಗುತ್ತವೆ. ಒಮ್ಮೆ ಸುಮ್ಮನಿದ್ದ ಸರ್ವರನ್ನು ವಿಂಡೋಸ್ ಸ್ವಲ್ಪ ಹೊತ್ತು ಹಿಂದಕ್ಕೆ ತಳ್ಳುವುದರಿಂದ, ಸರ್ವರ್ ಎದ್ದ ಮೇಲೂ ಟ್ಯಾಲಿ ಸಿಗುವುದಿಲ್ಲ. ‘ಕರೆಂಟ್ ಹೋದಾಗೆಲ್ಲ ಟ್ಯಾಲಿ ಕೆಡುತ್ತೆ’ ಎಂದು ಅಕೌಂಟ್ಸ್‌ನವರು ಹೇಳುವುದು ನಿಜವೇ, ಕಾರಣ ಬೇರೆ ಅಷ್ಟೆ.

ಮೌನಕ್ಕೂ ‘ಇಲ್ಲ’ಕ್ಕೂ ಇರುವ ವ್ಯತ್ಯಾಸ ಜಗತ್ತಿನ ಅತಿ ದೊಡ್ಡ ಜಾಲಗಳನ್ನೂ ಬಿಟ್ಟಿಲ್ಲ. 2021ರ ಅಕ್ಟೋಬರ್ 4ರಂದು, ನಮ್ಮಲ್ಲಿ ರಾತ್ರಿ ಒಂಬತ್ತು ದಾಟಿದ ಹೊತ್ತಿಗೆ, ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಒಟ್ಟಿಗೆ ಮಾಯವಾದವು. ಆ ಕಂಪನಿಯ ಡಿಎನ್‌ಎಸ್ ಸರ್ವರುಗಳಿಗೆ ಹೋಗುವ ದಾರಿಯೇ ಇಂಟರ್ನೆಟ್ಟಿನಿಂದ ಅಳಿಸಿಹೋಗಿತ್ತು. ಅದು ಮೌನ. ಮೌನಕ್ಕೆ ಕಂಪ್ಯೂಟರುಗಳು ಮತ್ತೆ ಮತ್ತೆ ಕೇಳುತ್ತವೆ. ಸಾರ್ವಜನಿಕ ಡಿಎನ್‌ಎಸ್ ನಡೆಸುವ ಕ್ಲೌಡ್‌ಫ್ಲೇರ್, ಆ ಹೆಸರುಗಳಿಗೆ ಮಾಮೂಲಿಗಿಂತ 30 ಪಟ್ಟು ಪ್ರಶ್ನೆ ಬಂತೆಂದು ವರದಿ ಮಾಡಿತು. 2025ರ ಅಕ್ಟೋಬರ್ 20ರಂದು, ದೀಪಾವಳಿಯ ಸಮಯದಲ್ಲಿ, ಅಮೆಜಾನ್‌ನ ಕ್ಲೌಡ್ ಸೇವೆ ಕುಸಿದದ್ದು ಇನ್ನೊಂದು ಬಗೆ. ವಿಳಾಸಗಳನ್ನು ತಾನಾಗಿ ಬರೆಯುವ ಎರಡು ತಂತ್ರಾಂಶ ಘಟಕಗಳು ಒಂದನ್ನೊಂದು ಮೀರಿ ಓಡಿ, ಡೈನಮೋಡಿಬಿ ಎಂಬ ದತ್ತಾಂಶ ಸೇವೆಯ ಹೆಸರಿನ ಮುಂದೆ ಒಂದು ವಿಳಾಸವೂ ಉಳಿಯದಂತೆ ಮಾಡಿದ್ದವು. ಅಲ್ಲಿ ಡಿಎನ್‌ಎಸ್ ಸರ್ವರುಗಳು ಎದ್ದೇ ಇದ್ದವು. ಕೇಳಿದವರಿಗೆಲ್ಲ ಉತ್ತರ ಸಿಗುತ್ತಿತ್ತು, ಉತ್ತರ ಖಾಲಿಯಾಗಿತ್ತು.

ಕಚೇರಿಗೆ ಮರಳೋಣ. ದೋಷ ಹುಡುಕುವಾಗ ಎನ್‌ಎಸ್‌ಲುಕಪ್ ಜೊತೆಗೆ ‘ಪಿಂಗ್’ ಆದೇಶವನ್ನೂ ಓಡಿಸಬೇಕು. ಅವು ಬೇರೆ ಬೇರೆ ದಾರಿ ಹಿಡಿಯುತ್ತವೆ ಎಂಬುದೇ ಇಲ್ಲಿಯ ಸೊಗಸು. ಎನ್‌ಎಸ್‌ಲುಕಪ್ ನೇರವಾಗಿ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಕಂಪ್ಯೂಟರಿನ ನೆನಪನ್ನಾಗಲಿ ಹೋಸ್ಟ್ಸ್ ಕಡತವನ್ನಾಗಲಿ ನೋಡುವುದಿಲ್ಲ. ಪಿಂಗ್ ಮಾತ್ರ ಟ್ಯಾಲಿ, ಬ್ರೌಸರುಗಳಂತೆ ಮೊದಲು ಕಂಪ್ಯೂಟರಿನ ಒಳಗೆ ವಿಚಾರಿಸುತ್ತದೆ. ಎನ್‌ಎಸ್‌ಲುಕಪ್ 20 ಎಂದೂ ಪಿಂಗ್ 10 ಎಂದೂ ಹೇಳಿದರೆ ಸರ್ವರಿನಲ್ಲಿ ಹುಡುಕುವುದನ್ನು ಬಿಟ್ಟು ಆ ಕಂಪ್ಯೂಟರಿನ ಮುಂದೆಯೇ ಕೂರಬೇಕು. ನೆನಪನ್ನು ಅಳಿಸಿದ ಮೇಲೂ 10 ಎಂದೇ ಬಂದರೆ ಹೋಸ್ಟ್ಸ್ ಕಡತ ತೆರೆಯಿರಿ. ಹಿಂದಿನ ಸರ್ವರ್ ಬದಲಾವಣೆಯ ದಿನ ಲಾರಿ ಕಾಯುತ್ತಿದ್ದಾಗ ಯಾರೋ ಅವಸರಕ್ಕೆ ಸೇರಿಸಿದ ಸಾಲು ಅಲ್ಲಿರುತ್ತದೆ. ಎನ್‌ಎಸ್‌ಲುಕಪ್‌ನ ಮೊದಲ ಸಾಲಿನಲ್ಲಿ ಸರ್ವರ್ ‘ಅನ್‌ನೋನ್’ ಎಂದು ಬಂದರೆ ಗಾಬರಿ ಬೇಡ. ವಿಳಾಸದಿಂದ ಹೆಸರು ಹುಡುಕುವ ಹಿಮ್ಮುಖ ದಾಖಲೆ ಬರೆದಿಲ್ಲ ಎಂದಷ್ಟೇ ಅದರ ಅರ್ಥ.

ಒಮ್ಮೆ ತೆರೆದು ಒಮ್ಮೆ ತೆರೆಯದ ದೋಷ ಎಲ್ಲಕ್ಕಿಂತ ಹೆಚ್ಚು ತಲೆ ತಿನ್ನುತ್ತದೆ. ವಿಂಡೋಸ್ 2000ದಿಂದ ಈಚೆಗೆ, ಲಾಗಿನ್ ನೋಡಿಕೊಳ್ಳುವ ಸರ್ವರ್ ಯಾವುದೆಂಬುದನ್ನೂ ಕಂಪ್ಯೂಟರ್ ಡಿಎನ್‌ಎಸ್‌ನಲ್ಲೇ ವಿಚಾರಿಸುತ್ತದೆ. ಹಳೇ ಸರ್ವರನ್ನು ಕ್ರಮಪ್ರಕಾರ ಹುದ್ದೆಯಿಂದ ಇಳಿಸದೆ ಸುಮ್ಮನೆ ಪ್ಲಗ್ ಕಿತ್ತಿದ್ದರೆ, ಹೊಸ ಸರ್ವರಿನ ಡಿಎನ್‌ಎಸ್‌ನಲ್ಲೇ ಹಳೆಯದರ ದಾಖಲೆಗಳು ಜೀವಂತವಾಗಿರುತ್ತವೆ. ‘ಆಫೀಸ್.ಲೋಕಲ್’ ಯಾರು ಎಂದರೆ 10 ಮತ್ತು 20 ಎರಡೂ ವಿಳಾಸ ಬರುತ್ತವೆ, ಪ್ರತಿ ಸಲ ಸರದಿ ಬದಲಾಗಿ. ಒಬ್ಬರ ಲಾಗಿನ್ ಚಿಟಿಕೆ ಹೊಡೆಯುವಷ್ಟರಲ್ಲಿ, ಇನ್ನೊಬ್ಬರದು ಚಹಾ ಕುಡಿದು ಬಂದರೂ ಮುಗಿದಿರುವುದಿಲ್ಲ. ಹಳಸಿದ ದಾಖಲೆಗಳನ್ನು ಗುಡಿಸುವ ಏರ್ಪಾಡು ವಿಂಡೋಸ್ ಡಿಎನ್‌ಎಸ್‌ನಲ್ಲಿದೆ, ಆದರೆ ನಾವಾಗಿ ಚಾಲೂ ಮಾಡುವವರೆಗೆ ಅದು ಮಲಗಿರುತ್ತದೆ. ಚಾಲೂ ಮಾಡಿದರೂ ಮಾಮೂಲಿ ಲೆಕ್ಕದಲ್ಲಿ ಏಳು ಮತ್ತು ಏಳು, ಹದಿನಾಲ್ಕು ದಿನ ಕಾಯುತ್ತದೆ. ಇಲ್ಲಿ ಕೈಯಾರೆ ಹುಡುಕಿ ಅಳಿಸುವುದೇ ಸರಿ.

‘ಮೇಲೆ ಬರ್ತಿದೆ, ಶೆಡ್ಡಲ್ಲಿ ಬರ್ತಿಲ್ಲ’ ಎಂಬ ದೂರಿಗೂ ನಿರ್ದಿಷ್ಟ ಕಾರಣವಿದೆ. ಡಿಎನ್‌ಎಸ್ ಕೈಕೊಟ್ಟಾಗ ವಿಂಡೋಸ್ ಕಂಪ್ಯೂಟರುಗಳು ಹತ್ತಿರದ ಜಾಲದಲ್ಲೆಲ್ಲ ಹೆಸರು ಕೂಗಿ ನೋಡುತ್ತವೆ. ಸರ್ವರ್ ಅದೇ ತುಂಡಿನಲ್ಲಿದ್ದರೆ ‘ನಾನಿಲ್ಲಿ’ ಎನ್ನುತ್ತದೆ. ಆ ಕೂಗು ರೂಟರ್ ದಾಟುವುದಿಲ್ಲ. ಶೆಡ್ಡಿಗೆ ಪ್ರತ್ಯೇಕ ಜಾಲ ಮಾಡಿದ್ದರೆ ಅಲ್ಲಿ ಡಿಎನ್‌ಎಸ್ ಇಲ್ಲದೆ ಗತಿಯಿಲ್ಲ. ಅಂದರೆ ಡಿಎನ್‌ಎಸ್ ಎರಡೂ ಕಡೆ ಕೆಟ್ಟಿರುತ್ತದೆ, ಮೇಲಿನವರಿಗೆ ಅದು ಗೊತ್ತಾಗಿರುವುದಿಲ್ಲ. ಇನ್ನು ಗೋಡೌನಿಗೆ ವೈಫೈ ಬೇಕೆಂದು ಯಾರೋ ತಂದು ಸಿಕ್ಕಿಸಿದ ಅಗ್ಗದ ರೂಟರ್ ತಾನೂ ಐಪಿ ಹಂಚಲು ಕೂತು, ಡಿಎನ್‌ಎಸ್ ಸರ್ವರ್ ನಾನೇ ಎಂದು ಹೇಳಿಕೊಡುವುದು ಉಂಟು. ಯಾರು ಮೊದಲು ಉತ್ತರಿಸುತ್ತಾರೋ ಅವರ ಮಾತೇ ನಡೆಯುತ್ತದೆ.

ಎಲ್ಲ ಕಂಪ್ಯೂಟರುಗಳಲ್ಲೂ 8.8.8.8 ತೆಗೆದು 192.168.1.20 ಒಂದನ್ನೇ ಇಟ್ಟ ದಿನ ಕೆಲವು ಕಡೆ ಇಂಟರ್ನೆಟ್ ನಿಲ್ಲುತ್ತದೆ. ತನಗೆ ಗೊತ್ತಿಲ್ಲದ ಹೊರಗಿನ ಹೆಸರುಗಳನ್ನು ಮುಂದಕ್ಕೆ ಕೇಳಲು ಹೊಸ ಸರ್ವರಿಗೆ ಒಂದು ವಿಳಾಸ ಕೊಟ್ಟಿರಬೇಕು. ಹಳೆಯದರ ಜೊತೆಗಿಟ್ಟು ಹೊಸದನ್ನು ಸಿದ್ಧಪಡಿಸುವಾಗ ವಿಂಡೋಸ್ ಆ ಜಾಗದಲ್ಲಿ ಹಳೇ ಸರ್ವರಿನ ವಿಳಾಸವನ್ನೇ ತುಂಬಿಟ್ಟಿರುವುದುಂಟು. 8.8.8.8 ಇರಬೇಕಾದ ಜಾಗ ಅದು: ಕಂಪ್ಯೂಟರುಗಳಲ್ಲಿ ಬೇಡ, ಸರ್ವರಿನ ಬೆನ್ನ ಹಿಂದೆ ಇರಲಿ. ಏನೂ ತುಂಬದೆ ಬಿಟ್ಟರೂ ನಡೆಯುತ್ತದೆ. ಎ ಯಿಂದ ಎಂ ವರೆಗೆ ಹೆಸರಿಟ್ಟ 13 ಮೂಲ ಸರ್ವರುಗಳ ವಿಳಾಸ ಅದಕ್ಕೆ ಹುಟ್ಟಿನಿಂದಲೇ ಗೊತ್ತು. ಅಲ್ಲಿಂದ ಮೆಟ್ಟಿಲಿಳಿದು ಬರುತ್ತದೆ.

ಕೆಲವು ನೆನಪುಗಳನ್ನು ಯಾವ ಆದೇಶದಿಂದಲೂ ಅಳಿಸಲಾಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, 1986ರಲ್ಲಿ ಶಿಕ್ಷಣ, ಸಂಶೋಧನಾ ಸಂಸ್ಥೆಗಳಿಗಾಗಿ ಶುರುವಾದ ಅರ್ನೆಟ್ ಜಾಲದ ಮೊದಲ ಸಂಸ್ಥೆಗಳಲ್ಲಿ ಒಂದು. ಹಾಗಾಗಿ ದಶಕಗಳ ಕಾಲ ಅದರ ಹೆಸರು ‘ಐಐಎಸ್‌ಸಿ.ಅರ್ನೆಟ್.ಇನ್’ ಎಂದಿತ್ತು, ಈಗ ‘ಐಐಎಸ್‌ಸಿ.ಎಸಿ.ಇನ್’. ಆ ದಶಕಗಳ ಸಂಶೋಧನಾ ಪ್ರಬಂಧಗಳ ಮೊದಲ ಪುಟದಲ್ಲಿ ಅಚ್ಚಾದ ಇಮೇಲ್ ವಿಳಾಸಗಳು ಗ್ರಂಥಾಲಯಗಳಲ್ಲಿ ಇಂದಿಗೂ ಹಳೇ ಹೆಸರನ್ನೇ ಹೇಳುತ್ತಿವೆ. ಕಾರ್ಖಾನೆಯಲ್ಲಿ ಅಂಥವು ಬೆರಳಚ್ಚಿನ ಹಾಜರಾತಿ ಯಂತ್ರ, ಸ್ಕ್ಯಾನ್ ಮಾಡಿ ಫೋಲ್ಡರಿಗೆ ಕಳಿಸುವ ಪ್ರಿಂಟರ್, ಪ್ರೋಗ್ರಾಂ ತರಿಸಿಕೊಳ್ಳುವ ಸಿಎನ್‌ಸಿ. ಅವುಗಳಲ್ಲಿ ಹೆಸರಿನ ಗೊಡವೆಯೇ ಇಲ್ಲದೆ ಅಂಕಿಯನ್ನೇ ಬರೆದಿರುವುದು ಹೆಚ್ಚು, ಸೆಟ್ಟಿಂಗಿನ ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ಇಂಥ ಯಂತ್ರಗಳು ಹಲವಿದ್ದರೆ ಹಳೆಯದನ್ನು ಕ್ರಮವಾಗಿ ಇಳಿಸಿದ ಮೇಲೆ ಅದರ ವಿಳಾಸವನ್ನೇ ಹೊಸದಕ್ಕೆ ಕೊಡುವುದು ವಿವೇಕ.

ಅಂಥವು ಎಷ್ಟಿವೆ ಎಂದು ಊಹಿಸಬೇಕಾಗಿಲ್ಲ, ಎಣಿಸಬಹುದು. ಭಾನುವಾರವೇ ಹಳೇ ಸರ್ವರನ್ನು ಆರಿಸದೆ ಎರಡು ವಾರ ಪಕ್ಕದಲ್ಲೇ ಓಡಲು ಬಿಟ್ಟು, ಅದರ ಡಿಎನ್‌ಎಸ್ ಲಾಗ್ ಚಾಲೂ ಮಾಡಿದರೆ ಸಾಕು. ಪ್ರತಿ ಪ್ರಶ್ನೆಗೂ ಒಂದು ಸಾಲು: ದಿನಾಂಕ, ಸಮಯ, ಕೇಳಿದವರ ಐಪಿ, ಕೊನೆಗೆ ಕೇಳಿದ ಹೆಸರು. ಆ ಹೆಸರಿನಲ್ಲಿ ಚುಕ್ಕಿಗಳಿರುವುದಿಲ್ಲ. ಬದಲಿಗೆ ಆವರಣದಲ್ಲಿ 5, ಆಮೇಲೆ ಟ್ಯಾಲಿ, 6, ಆಫೀಸ್, 5, ಲೋಕಲ್, ಕೊನೆಗೊಂದು 0 ಎಂದಿರುತ್ತದೆ. ಮುಂದೆ ಬರುವ ಇಂಗ್ಲಿಷ್ ಅಕ್ಷರಗಳ ಎಣಿಕೆ ಅದು. ತಂತಿಯ ಮೇಲೆ ಹೆಸರು ಹರಿಯುವುದು 1987ರ ನಿಯಮದ ಇದೇ ರೂಪದಲ್ಲಿ. ಸೊನ್ನೆ ಬಂದರೆ ಮೂಲ ಬಂತು, ಹೆಸರು ಮುಗಿಯಿತು. ಎಡಗಡೆಯ ಐಪಿಗಳನ್ನು ಎಕ್ಸೆಲ್‌ಗೆ ಹಾಕಿ ವಿಂಗಡಿಸಿದರೆ ಹಳೇ ಸರ್ವರನ್ನು ಇನ್ನೂ ಕೇಳುತ್ತಿರುವವರ ಪಟ್ಟಿ ಸಿದ್ಧ. ಅಂಕಿಯನ್ನೇ ನಂಬಿದ ಯಂತ್ರಗಳು ಈ ಲಾಗ್‌ನಲ್ಲಿ ಕಾಣುವುದಿಲ್ಲ. ಅವಕ್ಕಾಗಿ ಹಳೇ ಸರ್ವರಿಗೆ ಈಗ ಯಾರು ಸಂಪರ್ಕದಲ್ಲಿದ್ದಾರೆಂದು ‘ನೆಟ್‌ಸ್ಟಾಟ್’ ಆದೇಶದಿಂದ ಬೇರೆ ಬೇರೆ ಹೊತ್ತಿನಲ್ಲಿ, ರಾತ್ರಿ ಪಾಳಿಯಲ್ಲೂ ನೋಡಬೇಕು.

ಪಟ್ಟಿಯಲ್ಲಿ ಹಳೇ ಸರ್ವರಿನದೇ ವಿಳಾಸ ಮಾತ್ರ ಉಳಿದ ದಿನ ಅದನ್ನು ಕ್ರಮವಾಗಿ ಇಳಿಸಿ ಆರಿಸಬಹುದು. ಬದಲಾವಣೆ ಬೇಗ ಹರಡಲೆಂದು ದಾಖಲೆಗಳ ಆಯಸ್ಸನ್ನು ಐದು ನಿಮಿಷಕ್ಕೆ, ಜೊತೆಗೆ ಗುತ್ತಿಗೆಯ ಅವಧಿಯನ್ನೂ ಭಾನುವಾರಕ್ಕೆ ಮೊದಲೇ ಇಳಿಸಿಟ್ಟಿರಬೇಕು. ಆಯಸ್ಸನ್ನು ಒಂದು ಗಂಟೆಗೆ, ಡಿಎಚ್‌ಸಿಪಿ ಗುತ್ತಿಗೆಯನ್ನು ಎಂಟು ದಿನಕ್ಕೆ ಮತ್ತೆ ಏರಿಸುವುದು ಆಗಿನ ಕೆಲಸ.